ಬೆಕ್ಕಿನ ಊಟ ಹೊತ್ತು ಬಂದವನು

19ನೇ ಶತಮಾನದ ನಡುವಿನ ಲಂಡನ್ನಿನಲ್ಲಿ ಬೆಕ್ಕುಗಳಿಗೆಂದೇ ಒಬ್ಬ ಬೀದಿ ವ್ಯಾಪಾರಿ ಇದ್ದ. ನೀಲಿ ಏಪ್ರನ್ ಕಟ್ಟಿಕೊಂಡು, ಕೈಗಾಡಿಯಲ್ಲೋ ಬುಟ್ಟಿಯಲ್ಲೋ ಬೇಯಿಸಿದ ಕುದುರೆ ಮಾಂಸ ತುಂಬಿಕೊಂಡು ಬರುತ್ತಿದ್ದ. ಅವನ ಕೂಗು ಕಿವಿಗೆ ಬಿದ್ದರೆ ಸಾಕು, ಓಣಿಯ ಬೆಕ್ಕುಗಳೆಲ್ಲ ಬಾಲ ನಿಗುರಿಸಿ ಹೊಸ್ತಿಲಿಗೆ ಓಡಿ ಬರುತ್ತಿದ್ದವು. ಮಾಂಸದ ಚೂರುಗಳನ್ನು ಕಡ್ಡಿಗೆ ಚುಚ್ಚಿ ಮಾರುವುದು ವಾಡಿಕೆ. ಪುಡಿಗಾಸಿಗೂ ಒಂದು ಕಡ್ಡಿ ಸಿಗುತ್ತಿತ್ತು. ಜನ ಅವನನ್ನು ‘ಕ್ಯಾಟ್ಸ್ ಮೀಟ್ ಮ್ಯಾನ್’ ಎನ್ನುತ್ತಿದ್ದರು.

ಲಂಡನ್ನಿನ ಬಡ ದುಡಿಮೆಗಾರರ ಬಗ್ಗೆ 1851ರಲ್ಲಿ ದೊಡ್ಡ ಗ್ರಂಥ ಬರೆದ ಪತ್ರಕರ್ತ ಹೆನ್ರಿ ಮೇಹ್ಯೂ ಈ ಕಸುಬಿಗೂ ಅದರಲ್ಲಿ ಜಾಗ ಕೊಟ್ಟ. ಮನೆಗೊಂದರಂತೆ ಲೆಕ್ಕ ಹಿಡಿದು, ನಗರದಲ್ಲಿ ಸುಮಾರು 3 ಲಕ್ಷ ಬೆಕ್ಕುಗಳಿವೆ ಎಂದು ಅಂದಾಜು ಮಾಡಿದ. ಜೀವಮಾನವಿಡೀ ಗಾಡಿ ಎಳೆದು ಸೋತ ಕುದುರೆ ಕೊನೆಗೆ ಸೇರುತ್ತಿದ್ದುದು ಕಟುಕರ ಅಂಗಳಕ್ಕೆ. ಅದರ ಚರ್ಮ, ಎಲುಬುಗಳಿಗೆ ಬೇರೆ ಬೇರೆ ಗಿರಾಕಿಗಳು. ಮಾಂಸ ಮಾತ್ರ ಬೆಕ್ಕು, ನಾಯಿಗಳ ಪಾಲು.

ಇದೇ ಲಂಡನ್ನಿಗೆ ಮಿಂಚುವಾಹಕ ಮಾರಲು ಬಂದ ಅಮೆರಿಕದ ಜೇಮ್ಸ್ ಸ್ಪ್ರಾಟ್, ಹಡಗಿನವರ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಡಿಯುವುದನ್ನು ಕಂಡನಂತೆ. 1860ರ ದಶಕದಲ್ಲಿ ಅವನು ನಾಯಿ ಬಿಸ್ಕತ್ತಿನ ವ್ಯಾಪಾರಕ್ಕಿಳಿದ. ಸಾಕುಪ್ರಾಣಿಗಳ ಊಟ ಕಾರ್ಖಾನೆ ಸೇರಿದ್ದು ಹೀಗೆ. 1922ರಲ್ಲಿ ಅಮೆರಿಕದ ‘ಕೆನ್-ಎಲ್ ರೇಷನ್’ ಎಂಬ ನಾಯಿ ಆಹಾರದ ಬ್ರ್ಯಾಂಡ್ ಅದೇ ಕುದುರೆ ಮಾಂಸವನ್ನು ಡಬ್ಬಿಗೆ ತುಂಬಿತು. ಎರಡನೇ ಮಹಾಯುದ್ಧದಲ್ಲಿ ತವರಕ್ಕೆ ಬರ ಬಂದಾಗ ಡಬ್ಬಿಯ ಜಾಗಕ್ಕೆ ಒಣ ಆಹಾರ ಬಂತು. ಇತ್ತ ಮೋಟಾರು ವಾಹನಗಳು ಹೆಚ್ಚಿ ಕುದುರೆಗಳು ಕಡಿಮೆಯಾದವು; ಕಡ್ಡಿ ಮಾಂಸದವನ ಕೂಗೂ ಓಣಿಗಳಿಂದ ಮರೆಯಾಯಿತು.

ಈ ಕಾರ್ಖಾನೆಯ ಊಟದಲ್ಲಿ ಬೆಕ್ಕಿಗೆ ಏನೋ ಕೊರತೆಯಿದೆ ಎಂದು ತಿಳಿದದ್ದು ಬಹಳ ತಡವಾಗಿ.

ಟಾರಿನ್ ಎಂಬ ಪೋಷಕಾಂಶ ಇಲ್ಲದ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ ಎಂಬುದು 1975ರಲ್ಲಿ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೊಂದು ಗುಟ್ಟು ಬಿಡಿಸಿದರು. ಹೃದಯ ಹಿಗ್ಗಿ ನಿತ್ರಾಣವಾಗುತ್ತಿದ್ದ ಬೆಕ್ಕುಗಳ ರಕ್ತದಲ್ಲೂ ಟಾರಿನ್ ಇಳಿದಿತ್ತು. ಅವು ತಿನ್ನುತ್ತಿದ್ದುದು ಅಂಗಡಿಯ ಆಹಾರ. ಅಂದಿನ ಶಿಫಾರಸಿನಷ್ಟು ಟಾರಿನ್ ಇದ್ದ ಆಹಾರವೂ ಅವುಗಳಿಗೆ ಸಾಲದಾಗಿತ್ತು. ಟಾರಿನ್ ಕೊಟ್ಟಾಗ ಅನೇಕ ಬೆಕ್ಕುಗಳ ಹೃದಯ ಸುಧಾರಿಸಿತು. ತಯಾರಕರು ಅದರ ಪ್ರಮಾಣ ಹೆಚ್ಚಿಸಿದರು, ಆ ಕಾಯಿಲೆ ಅಪರೂಪವಾಯಿತು. ನಾಯಿ ತನಗೆ ಬೇಕಾದ ಟಾರಿನ್ನನ್ನು ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳಬಲ್ಲದು. ಬೆಕ್ಕಿಗೆ ಅದು ಮಾಂಸ, ಮೀನು ಇಲ್ಲವೇ ಅದನ್ನು ಬೆರೆಸಿದ ಆಹಾರದಿಂದಲೇ ಸಿಗಬೇಕು. ಕ್ಯಾರೆಟ್ಟಿನಂಥ ತರಕಾರಿಯಿಂದ ಎ ಜೀವಸತ್ವ ಮಾಡಿಕೊಳ್ಳುವುದೂ ಅದಕ್ಕೆ ಆಗದು.

ನಮ್ಮಲ್ಲಿ ಬೆಕ್ಕು ಎಂದೊಡನೆ ನೆನಪಾಗುವುದು ಹಾಲು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಗಾದೆಯಲ್ಲಿದೆ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಬಾಯಿ ಸುಟ್ಟುಕೊಂಡು ಹಾಲು ಕಂಡರೆ ಓಡುವ ಬೆಕ್ಕಿದೆ. ಆದರೆ ಮರಿ ತಾಯಿಯ ಮೊಲೆ ಬಿಡುತ್ತಾ ಬಂದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಅದರ ಹೊಟ್ಟೆಯಲ್ಲಿ ಕುಗ್ಗುತ್ತದೆ. ಪ್ರೀತಿಯಿಂದ ಇಟ್ಟ ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ತರಿಸುವುದು ಇದಕ್ಕೇ. ನಾಲ್ಕು ವಾರದ ಸುಮಾರಿಗೆ ಮೆತ್ತಗಿನ ಆಹಾರ ಶುರುಮಾಡಿ, ಎಂಟು ವಾರದ ಹೊತ್ತಿಗೆ ಹಾಲು ಬಿಡಿಸುವುದು ರೂಢಿ. ಬೆಳೆಯುವ ಮರಿಗೆ ಪ್ರೋಟೀನು, ಕೊಬ್ಬು ಹೆಚ್ಚು ಬೇಕಾದ್ದರಿಂದ ಅದರ ಆಹಾರದ ಪೊಟ್ಟಣವೂ ಬೇರೆ.

ಹಾಗಾದರೆ ಹಳ್ಳಿಮನೆಯ ಬೆಕ್ಕು ಜಗಲಿಯ ಹಾಲನ್ನದಲ್ಲೇ ಬದುಕಿತ್ತೇ? ತಟ್ಟೆ ನೆಕ್ಕಿ ಮುಗಿಸಿ ಅದು ಅಟ್ಟ ಹತ್ತುತ್ತಿತ್ತು, ಕಣಜದ ಹಿಂದೆ ಹೊಂಚು ಹಾಕುತ್ತಿತ್ತು. ಟಾರಿನ್ ಅದಕ್ಕೆ ಸಿಗುತ್ತಿದ್ದುದು ಅಲ್ಲಿಯ ಇಲಿಗಳಿಂದ. ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲಾಟಿಗೆ ಬಂದ ಮರಿಗೆ ಅಟ್ಟವೂ ಇಲ್ಲ, ಕಣಜವೂ ಇಲ್ಲ. ಅಲ್ಲಿ ಇಲಿಯ ಕೆಲಸ ಪೊಟ್ಟಣದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ.