ಪಂಜೆಯವರ ಪದ್ಯಪುಸ್ತಕವೂ ಡೋಣಿತೀರದ ಬಾಲಕರೂ

ತಾಳಿಕೋಟೆಯ ಹೆಸರನ್ನೆತ್ತಿದೊಡನೆ ವಾಚಕರ ಮನಸ್ಸು 1565ನೆಯ ಇಸವಿಯ ಯುದ್ಧದ ಕಡೆಗೆ ಹರಿಯುವುದು ಸಹಜವಾಗಿದೆ. ಆ ಚರ್ಚೆಯನ್ನು ಬಲ್ಲವರಿಗೆ ಬಿಟ್ಟು, ಅದಕ್ಕಿಂತ ಬಹು ಸಣ್ಣದೊಂದು ವಿಷಯವನ್ನು ನಾನಿಲ್ಲಿ ಎತ್ತಿಕೊಂಡಿದ್ದೇನೆ. ಪಡುವಣ ಕಡಲಿನ ಅಂಚಿನಲ್ಲಿ ಕುಳಿತು ಒಬ್ಬ ಉಪಾಧ್ಯಾಯರು ಮಕ್ಕಳಿಗಾಗಿ ರಚಿಸಿದ ಪದ್ಯಗಳು ಕಡಲನ್ನೇ ಕಾಣದ ಈ ಎರೆಭೂಮಿಯ ಹುಡುಗರ ಬಾಯಲ್ಲಿ ಹೇಗೆ ನೆಲೆಸಿದುವು ಎಂಬುದೇ ಆ ವಿಷಯ.

ಮೊದಲು ನಮ್ಮ ಪ್ರಾಂತದ ಪೂರ್ವಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಮುಂಬಯಿ ಇಲಾಖೆಯ ಕನ್ನಡ ಸೀಮೆಯೊಳಗೆ ಮನೆಯಲ್ಲಿ ಕನ್ನಡವಾಡುವ ಮಕ್ಕಳು ಸಾಲೆಯಲ್ಲಿ ಮರಾಠಿಯನ್ನು ಓದುತ್ತಿದ್ದರು. ಇದನ್ನು ಕಂಡು ನೊಂದ ಡೆಪ್ಯುಟಿ ಚನ್ನಬಸಪ್ಪನವರು ಅಧಿಕಾರಿಯಾದ ರಸೆಲ್ ಸಾಹೇಬರ ಬೆಂಬಲದಿಂದ ಕನ್ನಡ ಸಾಲೆಗಳಿಗಾಗಿ ದುಡಿದರು. ಗಂಗಾಧರ ಮಡಿವಾಳೇಶ್ವರ ತುರಮರಿಯವರೂ ವೆಂಕಟ ರಂಗೋ ಕಟ್ಟಿಯವರೂ ಅದೇ ಕಾಲದಲ್ಲಿ ಕನ್ನಡ ಗ್ರಂಥರಚನೆಗೆ ಕೈಯಿಕ್ಕಿದರು. ಇವರ ಋಣವು ನಮ್ಮ ಮೇಲೆ ದೊಡ್ಡದು. ಆದರೆ ಕನ್ನಡದಲ್ಲಿ ಪುಸ್ತಕವಿರಬೇಕೆಂಬುದೇ ಆಗಿನ ಹೋರಾಟವಾದುದರಿಂದ, ಆ ಪುಸ್ತಕವು ಮಗುವಿಗೆ ಹಿತವಾಗಿದೆಯೇ ಎಂದು ಕೇಳುವಷ್ಟು ಬಿಡುವು ಯಾರಿಗಿತ್ತು? ಅಂಕಲಿಪಿ, ಉಜಳಣಿ, ಬಾಯಿಪಾಠ, ತಪ್ಪಿದರೆ ಛಡಿ: ಸಾಲೆಯೆಂದರೆ ಇಷ್ಟೇ ಆಗಿತ್ತು.

ಆ ಪ್ರಶ್ನೆಯನ್ನು ಕೇಳಿದವರು ಪಂಜೆ ಮಂಗೇಶರಾಯರು. ಇವರು 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದರು. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ತರುವಾಯ ಶಾಲಾ ಇನ್ಸ್‌ಪೆಕ್ಟರರಾಗಿ, ಮುಂದೆ ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಬಾಳಿನ ಬಹುಭಾಗವನ್ನು ಸಾಲೆಗಳಲ್ಲಿಯೇ ಕಳೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿದ ಕೈಯೇ ಇಲಿಗಳ ಕುಣಿತದ ಕತೆಯನ್ನೂ ಬರೆಯಿತೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ತಮ್ಮ ಪದ್ಯಗಳನ್ನೂ ಇತರರ ಪದ್ಯಗಳನ್ನೂ ಕೂಡಿಸಿ ಇವರು ಸಿದ್ಧಗೊಳಿಸಿದ ‘ಕನ್ನಡ ಪದ್ಯ ಪುಸ್ತಕ’ದ ಮೂರು ಭಾಗಗಳು 1912, 1919, 1920ನೆಯ ಇಸವಿಗಳಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರ ಮೂಲಕ ಹೊರಬಿದ್ದುವು. ಹೆಸರನ್ನು ಮೆರೆಯಿಸುವ ಚಪಲವು ಇವರಿಗಿರಲಿಲ್ಲ. ‘ಕವಿಶಿಷ್ಯ’ನೆಂಬ ಮರೆಯ ಹೆಸರಿನಿಂದ ಬರೆದರು.

ಪಂಜೆಯವರ ಬೋಧನಕ್ರಮವನ್ನು ತಿಳಿಯಲು ಸೂರ್ಯೋದಯದ ಪದ್ಯವೊಂದೇ ಸಾಕು. ಸೂರ್ಯನು ಇರುಳಿನೊಡನೆ ಕಾದುತ್ತ ಮೂಡಣದಲ್ಲಿ ಕೆಂಪಾಗಿ ಕಾಣಿಸಿಕೊಳ್ಳುತ್ತಾನೆ, ಹಕ್ಕಿಗಳನ್ನು ಹಾಡಿಸುತ್ತಾನೆ, ಮೇಲೇರುತ್ತ ಹೋದಂತೆ ಸಣ್ಣಗಾಗಿ ತೋರುತ್ತಾನೆ. ಮೇಲಕ್ಕೆ ಹೋದವನು ಸಣ್ಣವನಾಗಿರಬೇಕೆಂಬ ನೀತಿ ಅಲ್ಲಿ ಬರುತ್ತದೆ. ಆದರೆ ಅದನ್ನು ಮಾಸ್ತರರು ಹೇಳುವುದಿಲ್ಲ, ಸೂರ್ಯನೇ ಹೇಳುತ್ತಾನೆ. ಮಗುವು ಮೊದಲು ಕಣ್ಣಾರೆ ಕಂಡ ಬಳಿಕವೇ ನೀತಿಯು ಕಿವಿಗೆ ಬೀಳುವಂತೆ ಕವಿ ಹೊಂದಿಸಿದ್ದಾರೆ. ಆ ಕಾಲದ ಎಷ್ಟೋ ಪಾಠಗಳಲ್ಲಿ ನೀತಿಯೇ ಮುಂದೆ ನಿಂತು, ಕತೆಯು ಅದರ ಹಿಂದೆ ಕುಂಟುತ್ತ ಬರುತ್ತಿತ್ತು. (ಸೂರ್ಯಬಿಂಬವನ್ನು ಅಳೆದು ನೋಡಿದವರು ಅದು ಬಾನಂಚಿನಲ್ಲಿಯೂ ನೆತ್ತಿಯ ಮೇಲೆಯೂ ಒಂದೇ ಗಾತ್ರದ್ದು, ಕಿರಿದಾಗಿ ಕಾಣುವುದು ಕಣ್ಣಿನ ಭ್ರಮೆಯೆಂದು ಹೇಳುತ್ತಾರೆ. ಇದರಿಂದ ಪದ್ಯಕ್ಕೆ ಕುಂದಿಲ್ಲ.)

ಇವರ ಪುಸ್ತಕಗಳು ಮದ್ರಾಸ್ ಇಲಾಖೆಯವು, ನಾವು ಮುಂಬಯಿಯವರು, ತಾಳಿಕೋಟೆಯಿಂದ ಮೂಡಣಕ್ಕೆ ನಡೆದರೆ ಸುರಪುರದ ಸೀಮೆ, ಅದು ನಿಜಾಮನದು. ಕೃಷ್ಣೆಯಾಚೆಯ ರಾಯಚೂರೂ ನಿಜಾಮನದೇ. ಅಲ್ಲಿ ಮೇಲಿನ ತರಗತಿಗಳ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಅಂಥ ರಾಯಚೂರಿನಲ್ಲಿ 1934ರಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರೇ ಅಧ್ಯಕ್ಷರಾದರು. ಮಕ್ಕಳು ಸಾಲೆಯಲ್ಲಿ ತಾಯ್ನುಡಿಗೆ ಎರವಾಗಿದ್ದ ನಾಡಿನಲ್ಲಿ ಮಕ್ಕಳ ಕವಿಗೆ ಆ ಪೀಠವು ದೊರೆತುದು ನನಗಂತೂ ಬರಿಯ ಆಕಸ್ಮಿಕವಾಗಿ ತೋರುವುದಿಲ್ಲ. ಮೂರು ವರ್ಷಗಳ ಬಳಿಕ, 1937ರಲ್ಲಿ, ಅವರು ನಿಜಾಮನ ರಾಜಧಾನಿಯಾದ ಹೈದರಾಬಾದಿನಲ್ಲಿಯೇ ತೀರಿಕೊಂಡರು.

1956ರ ಏಕೀಕರಣದಿಂದ ಈ ಗಡಿಗಳು ಅಳಿದುವು. ಪಂಜೆಯವರ ಪದ್ಯಗಳು ರಾಜ್ಯದ ಪಠ್ಯಪುಸ್ತಕಗಳಲ್ಲಿ ಕುಳಿತು ನಮ್ಮ ಡೋಣಿಯ ದಂಡೆಗೂ ಬಂದುವು. ಅವನ್ನು ನಾವು ಹೇಗೆ ಬರಮಾಡಿಕೊಂಡೆವು? ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಅರ್ಧ ತಿಳಿದು ಅರ್ಧ ತಿಳಿಯದೆ. ತೆಂಕಣ ಗಾಳಿಯ ಪದ್ಯವನ್ನು ಓದಿದಾಗ ‘ತೆಂಕಣ’ವೆಂದರೇನೆಂದು ನಮ್ಮಲ್ಲೊಬ್ಬನು ಕೇಳಿದ್ದನು. ಮಾಸ್ತರರು ನಮ್ಮನ್ನು ಹೊರಗೆ ಕರೆದೊಯ್ದು ದಿಕ್ಕನ್ನು ತೋರಿಸಿದರು. ನಾವು ಕಂಡ ಗಾಳಿಯು ಬೇಸಗೆಯಲ್ಲಿ ಎರೆಯ ಧೂಳನ್ನೆಬ್ಬಿಸುವ ಸುಂಟರಗಾಳಿ. ಕಡಲನ್ನು ಕಡೆಯುವ ಗಾಳಿಯನ್ನು ಊಹಿಸಲು ಡೋಣಿಯ ಮಹಾಪೂರವನ್ನು ನೆನೆದುಕೊಳ್ಳಬೇಕಾಯಿತು. ‘ಸೀಗಡಿ ಯಾಕೆ ಒಣಗಲಿಲ್ಲ?’ ಎಂಬ ಕತೆಯಲ್ಲಂತೂ ಸೀಗಡಿಯೆಂಬುದು ಹೊಳೆಯ ಹುಳವೋ ಹೊಲದ ಕಾಯಿಯೋ ನಮಗೆ ತಿಳಿಯದು. ಆದರೂ ಪ್ರಶ್ನೆಯ ಬಾಲಕ್ಕೆ ಪ್ರಶ್ನೆಯನ್ನು ಕಟ್ಟುತ್ತ ಹೋಗುವ ಆ ಸರಣಿಯನ್ನು ನಾವು ಬಿಡಲಿಲ್ಲ. ಅಜ್ಜಿಯರು ಹೇಳುವ ಕತೆಗಳ ನಡೆಯೇ ಅದಾಗಿತ್ತಷ್ಟೆ.

ಇಲ್ಲಿ ನಮ್ಮ ಜಿಲ್ಲೆಯವರೇ ಆದ ಹಲಸಂಗಿಯ ಗೆಳೆಯರನ್ನು ನೆನೆಯದಿರಲಾಗದು. ಮಧುರಚೆನ್ನ, ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರು 1931ರಲ್ಲಿ ಹೊರಡಿಸಿದ ‘ಗರತಿಯ ಹಾಡು’ ಮಕ್ಕಳಿಗೆಂದು ಬರೆದ ಪುಸ್ತಕವಲ್ಲ. ಆದರೆ ಕೂಸನ್ನು ಕುರಿತ ತಾಯಿಯ ಮಾತು ನಮ್ಮ ಸೀಮೆಯ ನುಡಿಯಲ್ಲಿಯೇ ಅದರಲ್ಲಿ ಅಚ್ಚಾಯಿತು. ಸಿಂಪಿಯವರು ಸ್ವತಃ ಸಾಲೆಯ ಮಾಸ್ತರರು. ಪಂಜೆಯವರು ತಮ್ಮ ಕರಾವಳಿಯ ಜನರ ನಾಲಗೆಯಿಂದ ಎತ್ತಿಕೊಂಡ ಲಯವನ್ನೇ ಇವರು ಇಂಡಿ ತಾಲೂಕಿನ ಬೀಸುಕಲ್ಲಿನ ಬಳಿ ಕಂಡುಕೊಂಡರೆಂದು ನಾನು ತಿಳಿಯುತ್ತೇನೆ. ಇವರ ಸಂಗ್ರಹದಿಂದ ನಮ್ಮ ಮಕ್ಕಳಿಗಾಗಿ ಪಾಠಗಳನ್ನು ಇನ್ನಷ್ಟು ಆರಿಸಿದ್ದರೆ ಸೀಗಡಿಗೆ ಜೊತೆಯಾಗಿ ಜೋಳದ ತೆನೆಯೂ ಪುಸ್ತಕದಲ್ಲಿ ಬರುತ್ತಿತ್ತು. ಈ ಕೊರತೆಯು ಪಂಜೆಯವರದಲ್ಲ, ಆರಿಸಿದವರದು.

ನಾಗರಹಾವಿನ ಪದ್ಯದ ಮಾತೇ ಬೇರೆ. ಅದಕ್ಕೆ ಟೀಕೆಯ ಅಗತ್ಯವೇ ಬೀಳಲಿಲ್ಲ. ನಾಗರಪಂಚಮಿಯಲ್ಲಿ ಹುತ್ತಕ್ಕೆ ಹಾಲೆರೆಯುವ ನಮಗೆ ಆ ಕೈಮುಗಿತವೂ ಆ ಅಂಜಿಕೆಯೂ ಮೊದಲೇ ಪರಿಚಿತವಾಗಿದ್ದುವು. ಅಂಜುತ್ತಂಜುತ್ತ ಕರೆದು, ಬೇಡಿ, ಕಡೆಗೆ ಹೋಗೆಂದು ಸಾಗಹಾಕುವ ಆ ಮಗು ನಾವೇ ಆಗಿದ್ದೆವು. ಪಂಚಮಿಯ ಜೋಕಾಲಿಯ ಮೇಲೆ ಹುಡುಗಿಯರು, ನುಡಿಯ ಕೊನೆಗೆ ಮತ್ತೆಮತ್ತೆ ಬರುವ ಆ ಒಂದಕ್ಷರದ ಮಾತುಗಳಿಗೆ ಸರಿಯಾಗಿ ಜೀಕುತ್ತಿದ್ದರು. ಒಮ್ಮೆ ನಮ್ಮ ಓಣಿಯ ಮುದುಕಿಯೊಬ್ಬಳು ಇದನ್ನು ಕೇಳಿ, “ಯಾರು ಕಟ್ಟ್ಯಾರ ಇದನ್ನ?” ಎಂದು ವಿಚಾರಿಸಿದಳು.

“ಯಾರೂ ಕಟ್ಟಿಲ್ಲಾಯಿ, ಸಾಲ್ಯಾಗಿನ ಹಾಡು ಇದು,” ಎಂದಳು ಹುಡುಗಿ.

ಮುದುಕಿಯು ತಲೆದೂಗಿ, ಇನ್ನೊಮ್ಮೆ ಹಾಡೆಂದಳು.