ಕಪಾಟಿನ ಮ್ಯಾಲಿನ ಗಿಟಾರು, ಮೀರಜಿನ ತಂಬೂರಿ

ನಮ್ಮ ಹುಡುಗ ಕಾಲೇಜಿಗೆ ಹೋದ ಮೊದಲನೇ ವರ್ಷ ಒಂದ ಗಿಟಾರ ತೊಗೊಂಡ ಬಂದಿದ್ದ. ಆರ ತಿಂಗಳ ಬಾರಿಸಿದ. ಆಮ್ಯಾಲ ನೌಕರಿ ಅಂತ ಪುಣೆಕ್ಕ ಹೋದ, ಗಿಟಾರ ಕಪಾಟಿನ ಮ್ಯಾಲ ಹಾಸಿಗಿ ಗಂಟಿನ ಹಿಂದ ಬಿತ್ತು. ಈ ಸಲ ನವರಾತ್ರಿಗೆ ಮನಿ ಸ್ವಚ್ಛ ಮಾಡೂ ಮುಂದ ಕೆಳಗ ಇಳಿಸಿದೆ. ಮೈಯೆಲ್ಲಾ ಧೂಳ, ತಂತಿಗೆ ತುಕ್ಕ. ಯಾರಿಗರೆ ಕೊಟ್ಟ ಬಿಡೂನು ಅಂತ ಒರಸಾಕತ್ತಿದ್ದೆ. ಅರಬಿ ತಂತಿಗೆ ಸಿಕ್ಕ ಒಮ್ಮೆಲೆ ಝುಂ ಅಂತು. ಒಳಗ ಅಡ್ಡಾಗಿದ್ದ ನಮ್ಮ ದೊಡ್ಡಾಯಿ, "ಯಾರವಾ ಅದು, ತಂಬೂರಿ ತಂದಾರೇನು?" ಅಂತ ಕೇಳಿದ್ರು.

"ತಂಬೂರಿ ಅಲ್ರೀ ಆಯಿ, ಗಿಟಾರ" ಅಂದೆ.

"ಪಿಚ್ಚರಿನ್ಯಾಗ ಕೊಳ್ಳಾಗ ಹಾಕ್ಕೊಂಡ ಕುಣೀತಾರಲ್ಲ, ಅದೇನು?" ಅಂತ ನಕ್ಕರು. ಆದ್ರ ಎದ್ದ ಕುಂತ ಕೈ ಮುಂದ ಮಾಡಿದ್ರು. ಒಂದ ತಂತಿ ಮಿಡದರು, ಸಪ್ಪಳ ಪೂರಾ ಆರೂ ತನಕ ಸುಮ್ನ ಕೇಳಿದ್ರು, ಮತ್ತೊಂದ ಮಿಡದರು. ನಾ ಅದನ್ನ ಯಾರಿಗೂ ಕೊಡಲಿಲ್ಲ.

ದೊಡ್ಡಾಯಿ ಅಂದ್ರ ನಮ್ಮ ಮಾವನವರ ಅಕ್ಕ. ನಿಮ್ಮೊಳಗ ಎಷ್ಟೋ ಮಂದಿ ಮದವ್ಯಾಗ ಸೋಬಾನ ಹಾಡಿದವರು ಅವರs. ಎಂಬತ್ತ ದಾಟೇತಿ, ಧ್ವನಿ ಇನ್ನೂ ಕಂಚ ಇದ್ದಂಗ ಐತಿ. ಅವರು ಸಣ್ಣವರಿದ್ದಾಗ ಅಪ್ಪನ ಜೋಡಿ ಮೀರಜಿಗೆ ದವಾಖಾನಿಗೆ ಹೋಗಿದ್ರಂತ. ಹಾದ್ಯಾಗ ಒಂದ ಅಂಗಡಿ ಕಟ್ಟಿ ಮ್ಯಾಲ ಒಬ್ಬಾಂವ ತಂಬೂರಿ ತೊಡಿ ಮ್ಯಾಲಿಟ್ಟು ತಂತಿ ಹಚ್ಚಾಕತ್ತಿದ್ನಂತ. ಹುಡುಗಿ ಅಲ್ಲೇ ನಿಂತ ಬಿಟ್ಟಳು. "ನನಗೂ ಒಂದ ಕೊಡಸ" ಅಂದಳು. ಅಪ್ಪ ಏನೂ ಅನ್ನಲಿಲ್ಲ. ಮನಿಗೆ ಬಂದ ಮ್ಯಾಲ ಮುತ್ಯಾ ಅಂದನಂತ, "ನಮ್ಮದೇನು ಹಾಡವರ ಮನಿಯೇನು?" ಅಂತ. ಅಲ್ಲಿಗೆ ಮುಗೀತು. ಆಮ್ಯಾಲ ಬೀಸುಕಲ್ಲ ಮುಂದ ಹಾಡಿದ್ರು, ಸೋಬಾನಕ್ಕ ಹಾಡಿದ್ರು, ತಂಬೂರಿ ಮಾತ್ರ ಕೈಗೆ ಬರಲಿಲ್ಲ.

ಮೀರಜ ನಮಗೇನು ದೂರ ಅಲ್ಲ. ಬಾಳಂತನ, ಕಣ್ಣು, ಎಲುವು, ಏನಾದ್ರೂ ಐನಾಪುರದವರು ಕಾಗವಾಡ ದಾಟಿ ಮೀರಜಿಗೇ ಓಡೂದು. ರೈಲ ಹತ್ತಾಕೂ ಅಲ್ಲೇ. ಆದ್ರ ದವಾಖಾನಿ ಚೀಟಿ ಕೈಯಾಗ ಹಿಡಕೊಂಡ ಹೋದವರಿಗೆ ಆ ಊರಾಗ ಇನ್ನೇನೈತಿ ಅಂತ ನೋಡಾಕ ಪುರಸೊತ್ತ ಎಲ್ಲಿ? ನಾ ಈ ಸಲ ಗಿಟಾರಿಗೆ ಹೊಸಾ ತಂತಿ ಹಾಕಸಾಕ ಅಂತ ಹೋದೆ. ಸಿತಾರ ಮಾಡವರ ಗಲ್ಲ್ಯಾಗ ಮೊದಲನೇ ಸಲ ಕಾಲ ಇಟ್ಟೆ, ಐವತ್ತರ ಹತ್ರ ಬಂದ ಮ್ಯಾಲ!

ಆ ಗಲ್ಲಿ ಕಥಿ ಕೇಳ್ರಿ. ತಂಬೂರಿ ಮಾಡವರ ಹಿರಿಯಾರು ಮೂಲದಾಗ ಶಿಕಲಗಾರರು, ಅಂದ್ರ ಕತ್ತಿ-ಕಠಾರಿಗೆ ಸಾಣಿ ಹಿಡಿಯೂ ಮಂದಿ. ಇಂಗ್ಲಿಷರ ರಾಜ್ಯ ಬಂದ ಮ್ಯಾಲ ಯುದ್ಧ ನಿಂತುವು, ಕತ್ತಿ ಕೇಳವರಿಲ್ಲದಂಗಾತು. ಅದೇ ಹೊತ್ತಿಗೆ ಮೀರಜ ಸಂಸ್ಥಾನದ ಪಟವರ್ಧನ ಅರಸರಿಗೆ ಸಂಗೀತದ ಹುಚ್ಚ ಭಾಳ. ಆಸ್ಥಾನದ ವಾದ್ಯ ಕೆಟ್ಟರ ದುರಸ್ತಿಗೆ ದೂರ ಕಳಿಸಬೇಕಾಗ್ತಿತ್ತು. ಸುಮಾರು 1850ರ ಹೊತ್ತಿಗೆ ಫರೀದಸಾಹೇಬ ಅನ್ನೂ ಶಿಕಲಗಾರರು ವಾದ್ಯ ರಿಪೇರಿಗೆ ಕೈ ಹಚ್ಚಿದ್ರು, ಆಮ್ಯಾಲ ತಾವೇ ಮಾಡಾಕ ಕಲತರು ಅಂತ ಹೇಳ್ತಾರ. ಕತ್ತಿ ಕೆಲಸ ಹೋಗಿ ತಂತಿ ಕೆಲಸ ಬಂತು. 2024ರಾಗ ಮೀರಜಿನ ಸಿತಾರಕ್ಕ ಮತ್ತ ತಂಬೂರಿಗೆ ಜಿ.ಐ. ಟ್ಯಾಗ ಸಿಕ್ಕೈತಿ.

ತಂಬೂರಿ ಬುರುಡಿ ಕಟಗೀದು ಅಂತ ನಾ ತಿಳದಿದ್ದೆ. ಅಲ್ಲ, ಅದು ಕಾಯಿ! ಭೋಪಳಾ ಅಂತಾರಲ್ಲ, ಆ ಜಾತಿ ದೊಡ್ಡ ಕಾಯಿ, ಪಂಢರಪುರದ ಕಡೆ ಬೆಳೀತಾರ. ಕಹಿ ಇರ್ತೈತಿ, ಪಲ್ಯಾಕ್ಕ ಬರೂದಲ್ಲ. ಒಣಗಿಸಿ, ಒಳಗಿನ ತಿರಳ ತಗದು, ಬಾಯಿಗೆ ಕಟಗಿ ಹಲಗಿ ಕೂಡಸ್ತಾರ. ಹಲಗಿ ಮ್ಯಾಲ ಕುದರಿ, ಕುದರಿ ಮ್ಯಾಲ ನಾಕ ತಂತಿ. ತಂತಿ ಮತ್ತ ಕುದರಿ ನಡುವ ಒಂದ ಸಣ್ಣ ದಾರದ ಎಳಿ ಸರಸ್ತಾರ, ಅದಕ್ಕ ಜೀವಾಳಿ ಅಂತ ಹೆಸರು. ಆ ಎಳಿ ಕೂತ ಜಾಗಾ ಸರಿ ಆದ ಕ್ಷಣ ತಂತಿ ಸಪ್ಪಳ ಬಿಚ್ಚಿಕೊಂಡ ಗುಂಯ್ ಅಂತೈತಿ. ಇದಕ್ಕ ಅವರು "ಜವಾರಿ" ಅಂತಾರ. ನಮಗ ಜವಾರಿ ಅಂದ್ರ ಕೋಳಿ, ಬದನಿಕಾಯಿ, ಸೌತಿಕಾಯಿ. ಅವರಿಗೆ ಜವಾರಿ ಅಂದ್ರ ತಂತಿ ಉಸರು. ಗಿಟಾರಿಗೆ ಈ ಜವಾರಿ ಇಲ್ಲ. ಅದರ ತಂತಿ ಕೂಡ್ರೂದು ತೆಳ್ಳನ ಅಂಚಿನ ಮ್ಯಾಲ, ಅದಕ್ಕs ಸಪ್ಪಳ ಸ್ವಚ್ಛ ಬಂದ ಲಗೂನ ಆರ್ತೈತಿ. ದೊಡ್ಡಾಯಿ ಆವತ್ತ ಆ ಸಪ್ಪಳ ಆರೂ ತನಕ ಯಾಕ ಕಾದ್ರು ಅಂತ ನನಗ ಆಗ ತಿಳೀತು.

ಗಿಟಾರ ಏನ ಮ್ಯಾಲಿಂದ ಇಳದ ಬಂದದ್ದಲ್ಲ, ಅದೂ ಹಿಂಗ ಕೈಕೆಲಸದವರ ಕೂಸ. ಜರ್ಮನಿಯ ಸ್ಯಾಕ್ಸನಿ ಸೀಮ್ಯಾಗ ಬಡಿಗ್ಯಾರೂ ಗಿಟಾರ ಮಾಡ್ತಿದ್ರು. ಪಿಟೀಲ ಮಾಡೂ ಸಂಘದವರು "ವಾದ್ಯ ಮಾಡೂ ಹಕ್ಕ ನಮ್ಮದು, ನೀವು ಕುರ್ಚಿ-ಕಪಾಟ ಮಾಡ್ರಿ" ಅಂತ ತಕರಾರ ತೆಗದರು. ಅದೇ ಜಗಳದಾಗ ಬೇಸತ್ತ ಕ್ರಿಶ್ಚಿಯನ್ ಫ್ರೆಡ್ರಿಕ್ ಮಾರ್ಟಿನ್ ಅನ್ನಾವ 1833ರಾಗ ನ್ಯೂಯಾರ್ಕಿಗೆ ಹೋದ. ಇವತ್ತ ಜಗತ್ತಿನ್ಯಾಗ ದೊಡ್ಡ ಹೆಸರಿನ ಮಾರ್ಟಿನ್ ಗಿಟಾರ ಆ ಬಡಗೀ ಕುಲದ್ದು. ಸ್ಪೇನಿನ್ಯಾಗ ಆಂಟೋನಿಯೋ ಡಿ ಟೋರೆಸ್ ಅಂತ ಇನ್ನೊಬ್ಬ. ಗಿಟಾರಿನ ನಾದ ಇರೂದು ಮ್ಯಾಲಿನ ಹಲಗ್ಯಾಗ, ಬೆನ್ನು-ಪಕ್ಕಡಿ ಎದರದಿದ್ರೂ ನಡೀತೈತಿ ಅಂತ ತೋರಸಾಕ 1862ರಾಗ ಅಂವ ರದ್ದಿ ಕಾಗದದ ರೊಜ್ಜಿನಿಂದ ಬೆನ್ನು-ಪಕ್ಕಡಿ ಮಾಡಿ ಒಂದ ಗಿಟಾರ ಕಟ್ಟಿದ. ಇದನ್ನ ಓದಿದಾಗ ನನಗ ನಮ್ಮವ್ವ ನೆನಪಾದಳು. ಕಾಗದ ನೆನಿಹಾಕಿ, ಮೆಂತೆ ಕೂಡಿಸಿ ಒಳ್ಳಾಗ ಕುಟ್ಟಿ, ಕೊಡಾ ಬೋರಲ ಹಾಕಿ ಅದರ ಮ್ಯಾಲ ಬಡದು ಬುಟ್ಟಿ ಮಾಡ್ತಿದ್ದಳು. ಟೋರೆಸಗ ನಮ್ಮವ್ವ ಸಿಕ್ಕಿದ್ರ ಇಬ್ಬರಿಗೂ ಮಾತ ಭಾಳ ಇದ್ದುವು.

ಈಗ ನನ್ನ ಬಳ್ಳಿನ ಕಥಿ. ಕಲಿಯಾಕ ಸುರು ಮಾಡಿದ ಮೊದಲ ಹತ್ತ ದಿವಸ ನಾ ಅತ್ತಿದ್ದೊಂದ ಬಾಕಿ. ಬಿಸಿ ಹಂಚಿನ ಮ್ಯಾಲ ರೊಟ್ಟಿ ತಿರುವಿದ ಕೈ ನಂದು, ಇದೇನ ಮಾಡೀತು ಅಂತ ಸೊಕ್ಕ ಇತ್ತು. ಆದ್ರ ರೊಟ್ಟಿ ತಿರುವೂದು ಬಲಗೈ, ತಂತಿ ಒತ್ತೂದು ಎಡಗೈ! ಎಡಗೈ ಬಳ್ಳಿನ ತುದಿಗೆ ಗೆರಿ ಬಿದ್ದು ಕೆಂಪಾದುವು, ಆ ಕೈಲೆ ಮೆಣಸಿನಕಾಯಿ ತುಂಬ ತಗದ ದಿವಸ ನೀರಾಗ ಕೈ ಇಟ್ಕೊಂಡ ಕುಂತೆ. ನಮ್ಮ ಮನಿಯವರು "ಡಾಕ್ಟರ ಕಡೆ ಹೋಗೂನೇನು?" ಅಂದ್ರು. ಬ್ಯಾಡ. ದಿನಾ ಕಾಲ ತಾಸಿನ ಮ್ಯಾಲ ಮಾಡಬಾರದು, ಉಗರ ಸಣ್ಣಾಗಿ ಕತ್ತರಿಸಬೇಕು, ಪಟ್ಟಿಯ ಮ್ಯಾಲ ಅಲ್ಲ, ಪಟ್ಟಿಗೆ ಹತ್ತಿ ಹಿಂದ ಒತ್ತಬೇಕು. ಇಷ್ಟ ತಿಳದ ಮ್ಯಾಲ ನೋವ ಅರ್ಧಾ ಇಳೀತು. ಮೂರ ವಾರಕ್ಕ ತುದಿ ಗಟ್ಟಿ ಆದುವು.

ಹಿಂದ ಇಷ್ಟ ಕಠಿಣ ಇರಲಿಲ್ಲ ನೋಡ್ರಿ. ಮೊದಲ ಗಿಟಾರಿಗೆ ಕುರಿ ಕರಳಿನ ತಂತಿ ಇರ್ತಿದ್ದುವು, ಮೆತ್ತಗ. ಮಾರ್ಟಿನ್ ಕಂಪನಿ ಉಕ್ಕಿನ ತಂತಿಗೆ ಅಂತನs ಗಿಟಾರ ಮಾಡಾಕ ಹತ್ತಿದ್ದು 1922ರ ಸುಮಾರಿಗೆ. ಆಮ್ಯಾಲ ಎರಡನೇ ಮಹಾಯುದ್ಧದಾಗ ಗಾಯಾ ಹೊಲಿಯಾಕ ಕರಳಿನ ದಾರ ಬೇಕಾಗಿ ವಾದ್ಯಕ್ಕ ಸಿಗದಂಗಾತು, ಆಗ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ನೈಲಾನಿನ ತಂತಿ ಮಾಡಿದ್ರು. ಹೊಸದಾಗಿ ಕಲಿಯಾವ್ರಿಗೆ ನೈಲಾನೇ ಛಲೋ. ಆದ್ರ ನೈಲಾನಿನ ಗಿಟಾರ ಬ್ಯಾರೆ, ಉಕ್ಕಿಂದು ಬ್ಯಾರೆ. ನೈಲಾನಿಂದಕ್ಕ ಉಕ್ಕಿನ ತಂತಿ ಬಿಗದ್ರ ಹಲಗಿ ಎದ್ದ ಬರ್ತೈತಿ. ಮಕ್ಕಳಿಗೆ ತರಾವ್ರು ಇದೊಂದ ನೆನಪ ಇಟ್ಕೊಳ್ರಿ.

"ಈ ವಯಸ್ಸಿನ್ಯಾಗ ಎದಕ್ಕ?" ಅಂತ ಕೇಳಿದವರು ಬರೇ ಬಾಜೂ ಮನಿಯವರಲ್ಲ, ನನ್ನ ಮನಸ್ಸೂ ಕೇಳ್ತು. ಅದಕ್ಕs ಯಾರು ಕಲಿಬೇಕು, ಯಾವಾಗ ಕಲಿಬೇಕು ಅಂತ ಯಾರು ಠರಾಯಿಸಿದ್ರು ಅನ್ನೂದನ್ನ ಸ್ವಲ್ಪ ಹುಡುಕಿದೆ.

ಅದೂ ನಮ್ಮ ಬಾಜೂದ ಕಥೀನೇ. ನರಸೋಬಾವಾಡಿಗೆ ಹೋದವರಿಗೆ ಕುರುಂದವಾಡ ಗೊತ್ತೈತಿ. ಅಲ್ಲಿ 1872ರಾಗ ವಿಷ್ಣು ದಿಗಂಬರ ಪಲುಸ್ಕರ ಹುಟ್ಟಿದ್ರು. ಸಣ್ಣವರಿದ್ದಾಗ ಪಟಾಕಿ ಸಿಡದು ಕಣ್ಣ ಹಾಳಾದುವು. ಔಷಧಕ್ಕ ಅಂತ ಮೀರಜಿಗೆ ಕರಕೊಂಡ ಬಂದ್ರು. (ಆಗಲೂ ದವಾಖಾನಿ ಅಂದ್ರ ಮೀರಜನs!) ಕಣ್ಣ ಪೂರಾ ಬರಲಿಲ್ಲ, ಓದು ನಿಂತು ಸಂಗೀತಕ್ಕ ಹಚ್ಚಿದ್ರು. ಗುರು ಬಾಳಕೃಷ್ಣಬುವಾ ಇಚಲಕರಂಜೀಕರ. ಅವರೂ ಮೀರಜ ಹತ್ತಿರದ ಬೇಡಗದವರು, ಗ್ವಾಲ್ಹೇರ ತನಕ ಹೋಗಿ ವಿದ್ಯಾ ತಂದವರು. ಆ ಕಾಲಕ್ಕ ಕಲಿಯೂದು ಅಂದ್ರ ಗುರುವಿನ ಮನ್ಯಾಗ ಇರಬೇಕು, ನೀರ ಹೊರಬೇಕು, ಅವರ ಮನಸ್ಸಿಗೆ ಬಂದಾಗ ಹೇಳಿಕೊಟ್ಟದ್ದನ್ನ ಹಿಡಕೊಬೇಕು. ಸಂಸಾರಸ್ಥ ಹೆಣ್ಮಗಳಿಗೆ ಇದು ಆಗೂ ಮಾತೇನು? ಪಲುಸ್ಕರ 1896ರಾಗ ಮೀರಜ ಬಿಟ್ಟು, 1901ರಾಗ ಲಾಹೋರಿನ್ಯಾಗ ಗಾಂಧರ್ವ ಮಹಾವಿದ್ಯಾಲಯ ತೆಗದರು. ಕ್ಲಾಸು, ಫೀ, ಸ್ವರ ಬರದ ಪುಸ್ತಕ, ಪರೀಕ್ಷಾ. ಹೆಣ್ಮಕ್ಕಳಿಗೂ ಬಾಗಲಾ ತೆರೀತು. ಅವರು 1931ರಾಗ ಮೀರಜಿನ್ಯಾಗನs ತೀರಿಕೊಂಡ್ರು. ಅದೇ ವರ್ಷ ಅವರ ಶಿಷ್ಯರು ಕೂಡಿ ಮಂಡಳ ಕಟ್ಟಿದ್ರು. ಇವತ್ತ ನಮ್ಮ ಹುಡುಗ್ಯಾರು "ಪ್ರಾರಂಭಿಕ" ಪರೀಕ್ಷಾಕ್ಕ ಕೂಡ್ರೂದು ಆ ಮಂಡಳದ್ದು.

ಬಾಗಲಾ ತೆರದ್ರೂ ಹೊಸ್ತಲಾ ದಾಟೂದು ಸಸಾರ ಇರಲಿಲ್ಲ. ಮೀರಜಿನ್ಯಾಗ 1905ರಾಗ ಹುಟ್ಟಿದ ಹೀರಾಬಾಯಿ ಬಡೋದೆಕರ, ಟಿಕೀಟ ಇಟ್ಟ ಸಭಾದಾಗ ಹಾಡಿದ ಮೊದಲಿನ ಹೆಣ್ಮಕ್ಕಳೊಳಗ ಒಬ್ಬರು. ನಮ್ಮ ಗಂಗೂಬಾಯಿ ಹಾನಗಲ್ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ ಗಾಂಧೀಜಿ ಮುಂದ ಹಾಡಿದಾಗ ಇನ್ನೂ ಪರಕಾರ ಪೋಲಕಾದ ಹುಡುಗಿ. ಅಂಥಾವರನ್ನೂ ಓಣ್ಯಾಗ "ಗಾನೇವಾಲಿ ಬಂದಳು" ಅಂತ ಮಂದಿ ಚಾಷ್ಟಿ ಮಾಡ್ತಿದ್ರು. ದೊಡ್ಡಾಯಿ ತಂಬೂರಿ ಕೇಳಿದ ಹೊತ್ತಿಗೆ ಧಾರವಾಡ ಆಕಾಶವಾಣಿ ಸುರು ಆಗಿ ಆರೇಳ ವರ್ಷ ಆಗಿತ್ತು. ಗಂಗೂಬಾಯಿ ಹಾಡ ಹತ್ತಿದ್ರ ಮುತ್ಯಾ ಕಣ್ಣ ಮುಚ್ಚಿ ತಲಿ ಹಾಕ್ತಿದ್ನಂತ. ರೇಡಿಯೋದಾಗಿನ ಹೆಣ್ಮಗಳಿಗೆ ತಲಿ ಹಾಕಿದ, ಮನ್ಯಾಗಿನ ಹುಡುಗಿಗೆ ಇಲ್ಲ ಅಂದ. ನನಗ ಮುತ್ಯಾನ ಮ್ಯಾಲ ಸಿಟ್ಟ ಬರ್ತೈತಿ. ದೊಡ್ಡಾಯಿಗೆ ಬರೂದಿಲ್ಲ. "ಅವಂದೇನ ತಪ್ಪ, ಮಂದಿಗೆ ಅಂಜಿದ" ಅಂತಾರ.

ಅಮೆರಿಕಾದಾಗೂ ಇದೇ ಹಾಡ. ಎಲಿಜಬೆತ್ ಕಾಟನ್ ಅಂತ ಒಬ್ಬ ಕರಿಯ ಹೆಣ್ಮಗಳು. ಸಣ್ಣಾಕಿದ್ದಾಗ ಮನಿಗೆಲಸಾ ಮಾಡಿ ರೊಕ್ಕಾ ಕೂಡಸಿ ಗಿಟಾರ ತೊಗೊಂಡ್ಳು. ಎಡಚಿ ಆಕಿ, ಗಿಟಾರ ತಲಿಕೆಳಗ ಮಾಡಿ ತಾನs ಕಲತಳು. ಮದಿವಿ ಆತು, ಚರ್ಚಿನವರು ಅಂಥಾ ಹಾಡ ಬಿಡು ಅಂದ್ರು, ಬಿಟ್ಟಳು. ಹತ್ತಾರ ವರ್ಷ ಮುಟ್ಟಲಿಲ್ಲ. ಮುಪ್ಪಿನ ಹೊತ್ತಿಗೆ ಸೀಗರ್ ಅನ್ನೂ ಸಂಗೀತಗಾರರ ಮನ್ಯಾಗ ಅಡಿಗಿ-ಮುಸರಿಗೆ ಇದ್ದಳು. ಗ್ವಾಡಿಗೆ ತೂಗಹಾಕಿದ ಅವರ ಗಿಟಾರ ಇಳಿಸಿ ಬಾರಿಸಿದ್ಳು, ಬಳ್ಳ ಮರತಿರಲಿಲ್ಲ. 1958ರಾಗ ಆಕಿ ರೆಕಾರ್ಡ ಬಂತು. 1985ರಾಗ ಗ್ರ್ಯಾಮಿ ಪ್ರಶಸ್ತಿ ಬಂದಾಗ ತೊಂಬತ್ತರ ಮ್ಯಾಲಿದ್ಳು. ದೊಡ್ಡಾಯಿಗೆ ಈ ಕಥಿ ಹೇಳಿದೆ. ಅವರು ಕೇಳಿದ್ದು ಒಂದs: "ಮನಿಯವರು ಬೈಲಿಲ್ಲೇನು, ಕೆಲಸಾ ಬಿಟ್ಟ ಬಾರಸ್ತೀ ಅಂತ?"

ಮೊಬೈಲಿನ್ಯಾಗಿನ ಮಾಸ್ತರು ಮೊದಲ ಎರಡ ಬಳ್ಳಿನ ಒಂದ ಕಾರ್ಡ ಕಲಸ್ತಾರ, ಆಮ್ಯಾಲ ಮೂರ ಬಳ್ಳಿಂದು. ನಾನೂ ಅದನ್ನ ಮಾಡ್ತೀನಿ. ಒಂದರಿಂದ ಇನ್ನೊಂದಕ್ಕ ಬಳ್ಳ ಸರಸೂದರಾಗ ಹಾಡ ಮುಂದ ಹೋಗಿ ಬಿಡ್ತೈತಿ, ನಾ ಹಿಂದ ಉಳೀತೀನಿ. ಆದ್ರ ತಂಬೂರಿ ಗಲ್ಲಿಯಿಂದ ಬಂದ ಮ್ಯಾಲ ಒಂದ ವಿಚಾರ ತಲ್ಯಾಗ ಹೊಕ್ಕಿತ್ತು. ತಂಬೂರಿಗೆ ಬೇಕಾದ್ದು ಸಾ ಮತ್ತ ಪಾ. ಗಿಟಾರಿನ ನಾಕನೇ ತಂತಿ "ಡಿ", ಐದನೇದು "ಎ". ನಾಕನೇದನ್ನ ಸಾ ಅಂತ ಹಿಡದ್ರ ಐದನೇದು ತಂತಾನೇ ಕೆಳಗಿನ ಪಾ. ಎಲ್ಲಾಕಿಂತ ದಪ್ಪಂದು ಆರನೇದು "ಇ", ಅದನ್ನ ಒಂದ ಸ್ವರ ಸಡಲ ಬಿಟ್ಟು "ಡಿ" ಮಾಡಿದ್ರ ಮಂದ್ರದ ಸಾ. ಎಡಗೈ ಬೇಕಾಗೇ ಇಲ್ಲ! ಐದು, ನಾಕು, ನಾಕು, ಆರು: ಪಾ, ಸಾ, ಸಾ, ಸಾ. ತಂಬೂರಿ ಮಿಡಿಯೂ ಕ್ರಮ ಅದೇ. ಜವಾರಿ ಇಲ್ಲ ಖರೆ, ಆದ್ರ ನಿಧಾನ ಮಿಡಕೋತ ಹೋದ್ರ ಒಂದ ಆರೂದರಾಗ ಇನ್ನೊಂದ ಹತ್ತತೈತಿ. ಇದನ್ನ ನೀವೂ ಮೊದಲನೇ ದಿವಸನs ಮಾಡಬಹುದು, ಬಳ್ಳ ಕೆಂಪಾಗೂದಿಲ್ಲ.

ಮೊನ್ನೆ ಸೋಮವಾರ ಸಂಜೀಕ ದೀಪ ಹಚ್ಚಿದ ಮ್ಯಾಲ ದೊಡ್ಡಾಯಿ ಬಾಜೂಕ ಕುಂತ ಮಿಡಿಯಾಕ ಸುರು ಮಾಡಿದೆ. ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತ ಕಣ್ಣ ಮುಚ್ಚಿ ಕುಂತ್ರು, ಗಂಟಲಾ ಸರಿ ಮಾಡಕೊಂಡ್ರು, ಬೀಸುಕಲ್ಲಿನ ಪದಾ ಎತ್ತಿದ್ರು. ಎರಡನೇ ನುಡಿಗೆ ಬಂದು ತಟ್ಟನೆ ನಿಲ್ಲಿಸಿದ್ರು. ನಾ ಏನರೆ ತಪ್ಪ ಮಾಡಿದೆನೇನೋ ಅಂತ ಅಂಜಿದೆ.

"ಆ ಮಂದ್ರದ ತಂತಿ ಇಳದೈತಿ ನೋಡ" ಅಂದ್ರು. "ಒಂದ ಚೂರ ಏರಸು."

ಮೊಬೈಲ ಹಿಡದ ನೋಡಿದೆ. ಖರೇನೇ ಒಂದ ಚೂರ ಇಳದಿತ್ತು. ಏರಿಸಿದೆ.