‘ಫಿಲೊಸೊಫೆಮ್’ ಎಂಬ ಧ್ವನಿಮುದ್ರಿಕೆಯೂ ನಾರ್ವೆಯ ಸುಟ್ಟ ಇಗರ್ಜಿಗಳೂ

ನಾರ್ವೇ ದೇಶದ ಪಡುವಣ ಕರಾವಳಿಯಲ್ಲಿ ಬೆರ್ಗೆನ್ ಎಂಬ ಪಟ್ಟಣವುಂಟು. ಬೆಟ್ಟಗಳ ನಡುವೆ ಸಮುದ್ರಕ್ಕೆ ಮುಖಮಾಡಿ ನಿಂತಿರುವ ಈ ಪಟ್ಟಣವು ಯೂರೋಪಿನಲ್ಲಿಯೇ ಮಳೆಗೆ ಹೆಸರಾದುದು. ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ೬೦ನೆಯ ಉತ್ತರ ಅಕ್ಷಾಂಶದ ಬಳಿ ಇರುವುದರಿಂದ ಡಿಸೆಂಬರ್ ತಿಂಗಳಲ್ಲಿ ಹಗಲೆಂಬುದು ಸುಮಾರು ಆರು ಗಂಟೆಗಳಿಗೆ ಕುಗ್ಗಿಹೋಗುವುದು. ೧೩೪೯ರಲ್ಲಿ ಮಹಾಮಾರಿಯು ಹಡಗನ್ನೇರಿ ನಾರ್ವೆಗೆ ಬಂದಿಳಿದುದು ಈ ರೇವಿನಲ್ಲಿಯೇ ಎಂದು ಅಲ್ಲಿಯ ಪುರಾತನ ವೃತ್ತಾಂತಗಳು ಹೇಳುವುವು. ನಾರ್ವೆಯ ಸಂಗೀತಕ್ಕೆ ಲೋಕಪ್ರಸಿದ್ಧಿಯನ್ನು ತಂದ ಎಡ್ವರ್ಡ್ ಗ್ರೀಗನು ೧೮೪೩ರಲ್ಲಿ ಹುಟ್ಟಿದುದೂ ಇಲ್ಲಿಯೇ. ಆತನ ಹೆಸರನ್ನು ಹೊತ್ತ ಗ್ರೀಗ್‌ಹಾಲೆನ್ ಎಂಬ ಭವ್ಯವಾದ ಸಂಗೀತಮಂದಿರವು ೧೯೭೮ರಲ್ಲಿ ತೆರೆಯಲ್ಪಟ್ಟಿತು. ೧೭೬೫ರಷ್ಟು ಹಿಂದೆ ಸ್ಥಾಪಿತವಾದ ಬೆರ್ಗೆನ್ ವಾದ್ಯಮೇಳಕ್ಕೆ ಅದು ನೆಲೆಯಾಯಿತು.

ಧ್ವನಿಮುದ್ರಣಾಲಯವೊಂದಕ್ಕೆ ೧೯೯೩ರ ಮಾರ್ಚಿಯಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬನು ಬಂದು, ಇರುವುದರಲ್ಲಿ ಅತ್ಯಂತ ಕೀಳಾದ ಮೈಕನ್ನು ತನಗೆ ಕೊಡಬೇಕೆಂದು ಕೇಳಿದನು. ಆತನು ವರ್ಗ್ ವಿಕೆರ್ನೆಸ್. ಆತನೊಬ್ಬನೇ ಸಕಲವಾದ್ಯಗಳನ್ನೂ ನುಡಿಸಿ ತಾನೇ ಹಾಡಿ ಮುದ್ರಿಸಿದ ಆರು ಕೃತಿಗಳ ಸಂಗ್ರಹಕ್ಕೆ ‘ಫಿಲೊಸೊಫೆಮ್’, ಎಂದರೆ ತತ್ತ್ವವಿಚಾರ, ಎಂದು ಹೆಸರು. ಅದರ ಕಾಲಪ್ರಮಾಣವು ಒಂದು ಗಂಟೆಗೂ ತುಸು ಹೆಚ್ಚು. ಈ ಒಂದು ಮುದ್ರಿಕೆಯಲ್ಲಿ ಒಂದು ಸಂಗೀತಪದ್ಧತಿಯ ಸಿದ್ಧಿಯೂ ಒಂದು ತಲೆಮಾರಿನ ಅಪರಾಧವೂ ಹೆಣೆದುಕೊಂಡಿರುವುದರಿಂದ, ಇದರ ಚರಿತ್ರೆಯು ವಿಚಾರಶೀಲರಾದ ವಾಚಕರು ಅರಿಯತಕ್ಕದ್ದಾಗಿದೆ.

ಈ ಸಂಗೀತಕ್ಕೆ ‘ಬ್ಲ್ಯಾಕ್ ಮೆಟಲ್’ ಎಂದು ಹೆಸರು. ವಿದ್ಯುತ್ ಗಿಟಾರಿನ ನಾದವನ್ನು ಒಡೆದು ಕರ್ಕಶಗೊಳಿಸಿ, ಅದರಿಂದಲೇ ಭಾವವನ್ನು ಹುಟ್ಟಿಸುವ ‘ಮೆಟಲ್’ ಸಂಗೀತದ ಒಂದು ಕವಲು ಇದು. ಇಂಗ್ಲೆಂಡಿನ ವೆನಮ್ ಎಂಬ ಮೇಳವು ೧೯೮೨ರಲ್ಲಿ ಪ್ರಕಟಿಸಿದ ಮುದ್ರಿಕೆಯಿಂದ ಈ ಹೆಸರು ರೂಢಿಗೆ ಬಂದಿತು. ಸ್ವೀಡನ್ನಿನ ಬಾಥರಿ, ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್ ಮುಂತಾದ ಮೇಳಗಳು ಮಾರ್ಗವನ್ನು ಮುಂದುವರಿಸಿದುವು. ೧೯೯೦ರ ಸುಮಾರಿಗೆ ನಾರ್ವೆಯ ಕೆಲವು ತರುಣರು ಇದನ್ನು ತಮ್ಮದಾಗಿ ಮಾಡಿಕೊಂಡರು. ಓಸ್ಲೋ ನಗರದಲ್ಲಿ ಓಯ್‌ಸ್ಟೈನ್ ಓರ್ಸೆತ್ ಎಂಬಾತನು ‘ಹೆಲ್‌ವೆಟೆ’, ಅಂದರೆ ನರಕ, ಎಂಬ ಹೆಸರಿನ ಅಂಗಡಿಯನ್ನು ೧೯೯೧ರಲ್ಲಿ ತೆರೆದನು. ಅದೇ ಇವರ ಕೂಟಸ್ಥಾನವಾಯಿತು. ಆ ಕಾಲದ ಮೆಟಲ್ ಸಂಗೀತವು ನಯವಾದ ಮುದ್ರಣದಿಂದ ಮೆರುಗು ಪಡೆದು ಮಾರುಕಟ್ಟೆಯ ಸರಕಾಗುತ್ತಿದೆಯೆಂದು ಇವರಿಗೆ ಜುಗುಪ್ಸೆಯುಂಟಾಗಿದ್ದಿತು. ಆದುದರಿಂದ ಒರಟುತನವೇ ಇವರಿಗೆ ನಿಷ್ಠೆಯ ಗುರುತಾಯಿತು.

ವಿಕೆರ್ನೆಸನು ತನ್ನ ಸಂಗೀತಕ್ಕೆ ‘ಬುರ್ಜುಮ್’ ಎಂದು ಹೆಸರಿಟ್ಟನು. ಟಾಲ್ಕಿನ್ ಎಂಬ ಆಂಗ್ಲ ವಿದ್ವಾಂಸನು ತನ್ನ ಕಥೆಗಾಗಿ ಕಲ್ಪಿಸಿದ ಭಾಷೆಯೊಂದರಲ್ಲಿ ಈ ಶಬ್ದಕ್ಕೆ ಕತ್ತಲೆಯೆಂದರ್ಥ. ೧೯೯೨ರ ಜನವರಿಯಿಂದ ೧೯೯೩ರ ಮಾರ್ಚಿಯವರೆಗಿನ ಹದಿನೈದು ತಿಂಗಳೊಳಗೆ ಆತನು ನಾಲ್ಕು ದೀರ್ಘ ಮುದ್ರಿಕೆಗಳನ್ನು ಸಿದ್ಧಪಡಿಸಿದನು. ಒಬ್ಬನೇ ಇಷ್ಟೆಲ್ಲವನ್ನು ಹೇಗೆ ನುಡಿಸಿದನೆಂದು ಕೇಳಬಹುದು. ಮೊದಲು ತಾಳವಾದ್ಯವನ್ನು ಬಾರಿಸಿ ಮುದ್ರಿಸುವುದು. ಅದನ್ನು ಕೇಳುತ್ತ ಗಿಟಾರನ್ನು ಬೇರೊಂದು ಪಥದಲ್ಲಿ ಮುದ್ರಿಸುವುದು. ಹೀಗೆ ಒಂದರ ಮೇಲೊಂದನ್ನು ಸೇರಿಸಿ, ಕಡೆಗೆ ಎಲ್ಲವನ್ನೂ ಹದವಾಗಿ ಬೆರೆಸುವುದು. ಈ ಬಹುಪಥಮುದ್ರಣದ ವಿಧಾನವು ಏಕಾಂತಪ್ರಿಯನಾದ ವಾದಕನಿಗೆ ಮೇಳದ ಹಂಗನ್ನೇ ತಪ್ಪಿಸಿತು.

ಫಿಲೊಸೊಫೆಮ್ಮಿನ ನಾದಗುಣಕ್ಕೆ ಕಾರಣಗಳನ್ನು ಆತನೇ ಹೇಳಿರುವನು. ಗಿಟಾರಿಗೆ ಮೀಸಲಾದ ಧ್ವನಿವರ್ಧಕವನ್ನು ಬಿಟ್ಟು, ಸಹೋದರನ ಮನೆಬಳಕೆಯ ಸ್ಟೀರಿಯೋ ಯಂತ್ರವನ್ನೂ ಹಳೆಯ ಫಜ್ ಪೆಡಲುಗಳನ್ನೂ ಉಪಯೋಗಿಸಿದನು. ಹಾಡಲು ದೊರೆತ ಕೀಳು ಮೈಕಾದರೋ ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಸೆಟ್ಟಿನದು. ಇದರಿಂದ ಗಿಟಾರು ತಂತಿವಾದ್ಯವೆಂಬುದೇ ಮರೆತುಹೋಗಿ, ಹಿಮಗಾಳಿಯು ಎಡೆಬಿಡದೆ ಬೀಸಿದಂತೆ ಕೇಳುವುದು. ಕಂಠವು ದೂರದ ಬಿರುಗಾಳಿಯಲ್ಲಿ ಸಿಕ್ಕಿದವನ ಕೂಗಿನಂತೆ ಹರಿದುಬರುವುದು. ‘ದುಂಕೆಲ್‌ಹೈಟ್’ ಎಂಬ ಮೊದಲ ಕೃತಿಯಲ್ಲಿ ಈ ಗಾಳಿಯ ಮೇಲೆ ಸಿಂಥಸೈಸರೆಂಬ ವಾದ್ಯದ ನಾಲ್ಕಾರು ಸ್ವರಗಳು, ಸೂರಂಚಿನ ಹನಿಗಳಂತೆ, ಮರಳಿ ಮರಳಿ ತೊಟ್ಟಿಕ್ಕುವುವು. ಸ್ವರವಿಸ್ತಾರವಿಲ್ಲ, ಚಮತ್ಕಾರವಿಲ್ಲ, ಪುನರಾವೃತ್ತಿಯೇ ಇಲ್ಲಿ ಪ್ರಾಣ. ಐದನೆಯ ಕೃತಿಯಂತೂ ೨೫ ನಿಮಿಷಗಳಷ್ಟು ದೀರ್ಘವಾದುದು; ಅದರಲ್ಲಿ ತಾಳವೂ ಇಲ್ಲ, ಗಿಟಾರೂ ಇಲ್ಲ, ಹಾಡೂ ಇಲ್ಲ. ಅದರ ಹೆಸರಿನಲ್ಲಿ ಸ್ತಂಭವೊಂದರ ಪ್ರದಕ್ಷಿಣೆಯೆಂಬ ಅರ್ಥವಿರುವುದು. ತಂಬೂರಿಯ ಶ್ರುತಿಯಲ್ಲಿ ಮನಸ್ಸು ನಿಲ್ಲುವ ಬಗೆಯನ್ನು ಬಲ್ಲ ನಮಗೆ, ಬದಲಾಗದ ನಾದದಲ್ಲಿ ಕಾಲವು ಕರಗುವ ಈ ಅನುಭವವು ತೀರ ಅಪರಿಚಿತವೆನಿಸದು.

ಮುದ್ರಿಕೆಯ ಹೊದಿಕೆಗೆ ಆರಿಸಿದುದು ಥಿಯೊಡೋರ್ ಕಿಟೆಲ್ಸನ್ (೧೮೫೭–೧೯೧೪) ಎಂಬ ನಾರ್ವೆಯ ಚಿತ್ರಕಾರನು ೧೯೦೦ರಲ್ಲಿ ಬರೆದ ಚಿತ್ರ: ಬೆಟ್ಟದ ನೆತ್ತಿಯಲ್ಲಿ ಹೆಂಗಸೊಬ್ಬಳು ‘ಲೂರ್’ ಎಂಬ ಮರದ ನೀಳಗಹಳೆಯನ್ನು ಊದುತ್ತಿರುವಳು. ಬೆಟ್ಟದ ಹುಲ್ಲುಗಾವಲುಗಳಲ್ಲಿ ದನಗಳನ್ನು ಕರೆಯಲು ಅಲ್ಲಿಯ ಹೆಂಗಸರು ಬಳಸುತ್ತಿದ್ದ ವಾದ್ಯವದು. ಅದೇ ವರ್ಷ ಕಿಟೆಲ್ಸನನು ಮಹಾಮಾರಿಯನ್ನು ಕುರಿತ ಚಿತ್ರಗ್ರಂಥವನ್ನೂ ಹೊರತಂದನು. ಅದರಲ್ಲಿ ಮಾರಿಯು ಪೆಸ್ತಾ ಎಂಬ ಮುದುಕಿಯಾಗಿ ಹಳ್ಳಿಹಳ್ಳಿ ಅಲೆಯುವಳು. ಕೈಯಲ್ಲಿ ಹಲ್ಲುಗೋಲಿದ್ದರೆ ಹಲ್ಲಿನ ಸಂದಿಯಲ್ಲಿ ಕೆಲವರು ಉಳಿಯುವರು. ಕಸಬರಿಕೆಯಿದ್ದರೆ ಯಾರೂ ಉಳಿಯರು. ಬುರ್ಜುಮ್ಮಿನ ಮೂರನೆಯ ಮುದ್ರಿಕೆಯ ಹೊದಿಕೆಯೂ ಈ ಚಿತ್ರಕಾರನದೇ. ಜನಪದದ ನೆನಪು, ಚಳಿಗಾಲದ ಮೌನ, ಗತಿಸಿದ ಕಾಲದ ಹಂಬಲ, ಇವೇ ಈ ಸಂಗೀತದ ನಿಜವಾದ ಬಂಡವಾಳ.

ಇಲ್ಲಿಗೆ ಕಥೆಯು ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ೧೯೯೨ರ ಜೂನ್ ೬ರಂದು ಬೆರ್ಗೆನ್ನಿನ ಬಳಿಯ ಫಾಂಟೋಫ್ಟಿನ ಮರದ ಇಗರ್ಜಿಯು ಬೆಂಕಿಗೆ ತುತ್ತಾಯಿತು. ೧೧೫೦ರ ಸುಮಾರಿಗೆ ಸೋಗ್ನ್ ಪ್ರಾಂತದಲ್ಲಿ ಕಟ್ಟಿದ್ದ ಅದನ್ನು ೧೮೮೩ರಲ್ಲಿ ಬಿಚ್ಚಿತಂದು ಇಲ್ಲಿ ನಿಲ್ಲಿಸಿದ್ದರು. ಇಂಥ ಸ್ತಂಭಗೃಹಗಳಲ್ಲಿ ಮರದ ಕಂಬಗಳನ್ನು ನೆಲದಲ್ಲಿ ಹುಗಿಯದೆ, ಕಲ್ಲಿನ ಮೇಲಿರಿಸಿದ ತೊಲೆಯ ಮೇಲೆ ನಿಲ್ಲಿಸುವರು. ತೇವವು ತಟ್ಟದಂತೆ ಹೊರಮೈಗೆ ಡಾಂಬರನ್ನು ಬಳಿಯುವರು. ಮಾಡಿನ ತುದಿಯಲ್ಲಿ ಹಡಗಿನ ಮೂತಿಯಲ್ಲಿರುವಂತೆ ಸರ್ಪಶಿರಗಳು ಚಾಚಿರುವುವು. ಮಧ್ಯಯುಗದಲ್ಲಿ ಸಾವಿರಕ್ಕೂ ಮಿಕ್ಕಿ ಇದ್ದುವೆಂದು ವಿದ್ವಾಂಸರು ಅಂದಾಜುಮಾಡಿರುವ ಈ ಕಟ್ಟಡಗಳಲ್ಲಿ ನಾರ್ವೆಯೊಳಗೆ ಉಳಿದಿರುವುವು ೨೮ ಮಾತ್ರ. ಫಾಂಟೋಫ್ಟಿನ ಸುಟ್ಟ ಅವಶೇಷದ ಛಾಯಾಚಿತ್ರವನ್ನು ವಿಕೆರ್ನೆಸನು ‘ಆಸ್ಕೆ’, ಎಂದರೆ ಬೂದಿ, ಎಂಬ ಕಿರುಮುದ್ರಿಕೆಯ ಹೊದಿಕೆಯಾಗಿ ಮೆರೆಸಿದನು. ಮುಂದೆ ಇನ್ನೂ ಹಲವು ಇಗರ್ಜಿಗಳು ಉರಿದುವು. ೧೯೯೩ರ ಆಗಸ್ಟ್ ೧೦ರಂದು, ಫಿಲೊಸೊಫೆಮ್ ಮುದ್ರಿತವಾದ ಐದು ತಿಂಗಳಿಗೆ, ಆತನು ಓಸ್ಲೋವಿನಲ್ಲಿ ಓರ್ಸೆತನನ್ನು ಇರಿದು ಕೊಂದನು. ಸತ್ತವನಿಗೆ ಇಪ್ಪತ್ತೈದು ವರ್ಷ. ಆತ್ಮರಕ್ಷಣೆಯೆಂಬ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಕೊಲೆಗಾಗಿಯೂ ಮೂರು ಇಗರ್ಜಿಗಳ ದಹನಕ್ಕಾಗಿಯೂ ೧೯೯೪ರ ಮೇ ತಿಂಗಳಲ್ಲಿ ಅಲ್ಲಿಯ ಪರಮಾವಧಿ ಶಿಕ್ಷೆಯಾದ ೨೧ ವರ್ಷಗಳ ಸೆರೆಯನ್ನು ವಿಧಿಸಲಾಯಿತು. ಫಾಂಟೋಫ್ಟಿನ ವಿಷಯದಲ್ಲಿ ಮಾತ್ರ ಆತನ ಮೇಲಣ ಆರೋಪವು ಸಿದ್ಧವಾಗಲಿಲ್ಲ. ಮುದ್ರಿಕೆಯು ೧೯೯೬ರ ಜನವರಿಯಲ್ಲಿ ಪ್ರಕಟವಾದಾಗ ಅದರ ಕರ್ತೃವು ಸೆರೆಮನೆಯಲ್ಲಿದ್ದನು. ೨೦೦೯ರಲ್ಲಿ ಬಿಡುಗಡೆಹೊಂದಿದ ಮೇಲೂ ಆತನ ಬುದ್ಧಿಯು ತಿಳಿಯಾಗಲಿಲ್ಲ. ಜನಾಂಗದ್ವೇಷವನ್ನು ಪ್ರಚೋದಿಸಿದನೆಂದು ೨೦೧೪ರಲ್ಲಿ ಫ್ರಾನ್ಸಿನ ನ್ಯಾಯಾಲಯವು ತೀರ್ಪುಕೊಟ್ಟಿತು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಗೆ ಕಾಣುವ ವಿಪರ್ಯಾಸವೊಂದುಂಟು. ಕ್ರೈಸ್ತಮತವು ಬಂದು ತಮ್ಮ ಪೂರ್ವಿಕರ ದೈವಗಳನ್ನು ಓಡಿಸಿತೆಂಬುದು ಈ ದಹನಗಳಿಗೆ ಕೊಟ್ಟ ಸಮರ್ಥನೆ. ಆದರೆ ಫಾಂಟೋಫ್ಟಿನಲ್ಲಿ ಬೂದಿಯಾದುದೇನು? ಆ ಪೂರ್ವಿಕರ ಮೊಮ್ಮಕ್ಕಳೇ ತಮ್ಮ ಹಡಗು ಕಟ್ಟುವ ವಿದ್ಯೆಯನ್ನು, ತಮ್ಮ ಸರ್ಪಶಿರದ ಕೆತ್ತನೆಯನ್ನು, ಹೊಸ ಮತದ ಮನೆಗೆ ಅಳವಡಿಸಿ ಉಳಿಸಿದ ಕೌಶಲ! ಹಳೆಯ ನಾರ್ವೆಯು ಕಣ್ಣಿಗೆ ಕಾಣುವಂತೆ ಉಳಿದಿದ್ದ ಕೆಲವೇ ಸ್ಥಳಗಳಲ್ಲಿ ಅದೂ ಒಂದು. ಗತಕಾಲಕ್ಕಾಗಿ ಹಂಬಲಿಸುವವರು ಗತಕಾಲವನ್ನೇ ಸುಡುವುದನ್ನು ಮೆಚ್ಚಿ ಮೆರೆಸಿದರು. ೧೯೯೭ರ ವೇಳೆಗೆ ಅದೇ ಸ್ಥಳದಲ್ಲಿ ಇಗರ್ಜಿಯನ್ನು ಹಿಂದಿನ ರೂಪದಲ್ಲಿಯೇ ಕಟ್ಟಿ ಮುಗಿಸಿದರು. ಆದರೆ ಎಂಟು ಶತಮಾನಗಳ ಮರವು ಮರಳಲಿಲ್ಲ.

ಹಾಗಾದರೆ ಈ ಸಂಗೀತವನ್ನು ಕೇಳಬಹುದೇ? ಇದಕ್ಕೆ ಎರಡು ಸುಲಭವಾದ ಉತ್ತರಗಳುಂಟು. ಕೃತಿಯೇ ಬೇರೆ, ಕರ್ತೃವೇ ಬೇರೆ ಎಂಬುದೊಂದು. ಪಾಪಿಯ ಕೈಯಿಂದ ಬಂದುದೆಲ್ಲವೂ ಪಾಪವೇ ಎಂಬುದಿನ್ನೊಂದು. ಮೊದಲನೆಯದು ಸತ್ತವನನ್ನು ಮರೆಯುವುದು. ಎರಡನೆಯದು ಕಿವಿಗೆ ಕೇಳಿದುದನ್ನು ಕೇಳಲಿಲ್ಲವೆಂದು ಸುಳ್ಳಾಡುವುದು. ಆ ಆರು ಕೃತಿಗಳಲ್ಲಿ ಸೌಂದರ್ಯವಿರುವುದು ದಿಟ. ಆ ಸೌಂದರ್ಯವು ಅದನ್ನು ಮಾಡಿದವನನ್ನು ಕೊಲೆಯಿಂದ ತಡೆಯಲಿಲ್ಲವೆಂಬುದೂ ಅಷ್ಟೇ ದಿಟ. ಕಲೆಯು ಮನುಷ್ಯನನ್ನು ತಾನಾಗಿಯೇ ಸಂಸ್ಕರಿಸುವುದೆಂದು ನಂಬಿರುವ ನಮ್ಮಂಥ ಸಾಹಿತ್ಯಾಭಿಮಾನಿಗಳಿಗೆ ಇದು ಕಹಿಯಾದ ಪಾಠ. ಆದರೂ ಕಲಿಯತಕ್ಕ ಪಾಠ.

ಈ ಮುದ್ರಿಕೆಯ ಮಾರ್ಗವನ್ನು ಮುಂದೆ ಅನೇಕ ಏಕಾಂತವಾದಕರು ಹಿಡಿದರು. ಸ್ವಿಟ್ಜರ್ಲೆಂಡಿನಲ್ಲಿ ‘ಪೇಸಾಜ್ ದಿವೇರ್’, ಎಂದರೆ ಚಳಿಗಾಲದ ಭೂದೃಶ್ಯ, ಎಂಬ ಹೆಸರಿನಿಂದ ಒಬ್ಬನು ೧೯೯೦ರ ದಶಕದ ಕೊನೆಯಿಂದ ಹಿಮವನ್ನೂ ಕಾಡನ್ನೂ ಕುರಿತೇ ನುಡಿಸುತ್ತ ಬಂದಿರುವನು; ಕ್ಯಾಲಿಫೋರ್ನಿಯದಲ್ಲಿ ‘ಜ್ಯಾಸ್ತುರ್’ ಎಂಬ ಹೆಸರಿನಿಂದ ಮತ್ತೊಬ್ಬನು ಇದೇ ಜಾಡಿನಲ್ಲಿ ನಡೆದನು. ಒರಟಾದ ಯಂತ್ರ, ಒಂಟಿ ಕೊಠಡಿ, ಮರಳಿ ಬರುವ ಸ್ವರ, ಇವು ಸಾಕು. ಬೆಂಕಿಯೂ ಬೇಡ, ರಕ್ತವೂ ಬೇಡ ಎಂಬುದು ಇಂಥವರ ಕೃತಿಗಳಿಂದ ಸಿದ್ಧವಾಯಿತು. ಚಳಿಗಾಲವನ್ನು ನಾದದಲ್ಲಿ ಹಿಡಿಯುವುದಕ್ಕೆ ಯಾರ ಮನೆಯನ್ನೂ ಸುಡಬೇಕಾದುದಿಲ್ಲ.